ರಾತ್ರಿ 2 ಗಂಟೆಯ 118 ವ್ಯಾಟ್

ಮನೆಯ ಎಂಸಿಬಿ ಬಾಕ್ಸ್‌ನಲ್ಲಿ (ಒಂದೊಂದು ಲೈನ್ ಆಫ್ ಮಾಡುವ ಸ್ವಿಚ್‌ಗಳಿರುವ ಡಬ್ಬಿ) ಪವರ್ ಮೀಟರ್ ಕೂರಿಸಿ ಇವತ್ತಿಗೆ ಹನ್ನೊಂದು ದಿನ. ಈಗ ನಂಬುವಂಥ ಲೆಕ್ಕ ಸಿಗುತ್ತಿದೆ.

ಮೊದಲ ದಿನ ಗೀಸರ್ ಹಾಕಿದರೂ ಸೊನ್ನೆ. ಕರೆಂಟ್ ಅಳೆಯುವ ಸಿಟಿ ಕ್ಲಾಂಪ್‌ನೊಳಗೆ ಫೇಸ್, ನ್ಯೂಟ್ರಲ್ ಎರಡೂ ವೈರ್ ಸೇರಿಬಿಟ್ಟಿದ್ದವು. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಅಲ್ಲಿಗಲ್ಲಿಗೆ ವಜಾ. ಫೇಸ್ ಒಂದನ್ನೇ ಒಳಗೆ ಉಳಿಸಿದಾಗ ಲೆಕ್ಕ ಮೈನಸ್‌ನಲ್ಲಿ ಬಂತು, ಕ್ಲಾಂಪ್ ಮೇಲಿನ ಬಾಣ ಉಲ್ಟಾ ಇತ್ತು. ಎರಡೂ ಸಲ ಬಿಚ್ಚಿ ಹಾಕಿದ್ದು ಎಲೆಕ್ಟ್ರಿಷಿಯನ್. ಮೇನ್ ಸ್ವಿಚ್ ಆಫ್ ಮಾಡಿದರೂ ಹೊರಗಿನಿಂದ ಅದಕ್ಕೆ ಬರುವ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅಲ್ಲಿ ನಾನು ಕೈ ಹಾಕುವುದಿಲ್ಲ.

ರಾತ್ರಿ 2 ಗಂಟೆಗೆ, ಎಲ್ಲರೂ ಮಲಗಿ ಫ್ರಿಜ್ ಕಂಪ್ರೆಸರ್ ಕೂಡ ನಿಂತಿದ್ದಾಗ, ಮೀಟರ್ 118 ವ್ಯಾಟ್ ತೋರಿಸಿತು. ಇಷ್ಟೊಂದಾ ಅನಿಸಿತು. 231 ವೋಲ್ಟ್, 0.9 ಆಂಪ್ ಇತ್ತು. ಗುಣಿಸಿದರೆ 208 ಬರುತ್ತದೆ, ಅದು ವ್ಯಾಟ್ ಅಲ್ಲ. ಚಾರ್ಜರ್, ಅಡಾಪ್ಟರ್‌ಗಳೇ ಜಾಸ್ತಿ ಇದ್ದಾಗ ಪವರ್ ಫ್ಯಾಕ್ಟರ್, ಅಂದರೆ ಆ ಗುಣಾಕಾರದಲ್ಲಿ ನಿಜವಾದ ವ್ಯಾಟ್‌ನ ಪಾಲು, ಹೀಗೆ 0.57ಕ್ಕೆ ಇಳಿಯುತ್ತದೆ. ಬರೀ ಆಂಪ್ ಅಳೆದು ಲೆಕ್ಕ ಹಾಕುವವರು ತಪ್ಪುವುದು ಇಲ್ಲೇ.

118 ಸರಿಯಾ ಅಂತ ಬಿಲ್ಲಿನ ಮೀಟರ್ ಹತ್ತಿರ ಟಾರ್ಚ್ ಹಿಡಿದು ನಿಂತೆ. ಅದರ ಕೆಂಪು ದೀಪ ಒಂದು ಯೂನಿಟ್‌ಗೆ 3200 ಸಲ ಮಿನುಗುತ್ತದೆ, ಮೀಟರ್ ಮೇಲೇ ಬರೆದಿದೆ. ಒಂದು ಯೂನಿಟ್ ಅಂದರೆ 36 ಲಕ್ಷ ವ್ಯಾಟ್-ಸೆಕೆಂಡ್, ಹಾಗಾಗಿ ಒಂದು ಮಿನುಗಿಗೆ 1125. ಅಂದರೆ 1125ನ್ನು ಎರಡು ಮಿನುಗಿನ ನಡುವಿನ ಸೆಕೆಂಡ್‌ಗಳಿಂದ ಭಾಗಿಸಿದರೆ ವ್ಯಾಟ್. ಹತ್ತು ಸಲ ಮಿನುಗಲು 95 ಸೆಕೆಂಡ್ ಹಿಡಿಯಿತು, ಒಂದಕ್ಕೆ 9.5. ಲೆಕ್ಕ ಹಾಕಿದರೆ 118! ಎಷ್ಟು ಖುಷಿಯಾಯಿತು ಅಂದರೆ ಆಮೇಲೆ ನಿದ್ದೆ ಬರಲಿಲ್ಲ.

ಮರುದಿನ ರಾತ್ರಿ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿದೆ. ಹಾಲ್‌ನದು ಇಳಿಸಿದ ಕೂಡಲೇ 64. ಹಾಲ್ ಒಂದೇ 54 ವ್ಯಾಟ್ ತಿನ್ನುತ್ತಿತ್ತು. ಟಿವಿ ಹಿಂದೆ ಕೈ ಹಾಕಿ ನೋಡಿದರೆ ಹಳೇ ಆಂಪ್ಲಿಫೈಯರ್‌ನ ಮೇಲ್ಭಾಗ ಬೆಚ್ಚಗಿತ್ತು. ಹಾಡು ನಿಲ್ಲಿಸಿದರೂ ಅದನ್ನು ಆಫ್ ಮಾಡುವ ಅಭ್ಯಾಸ ನಮಗಿರಲಿಲ್ಲ. ಅದೊಂದೇ 31 ವ್ಯಾಟ್. ವರ್ಷಕ್ಕೆ 8760 ಗಂಟೆ, ಸುಮಾರು 272 ಯೂನಿಟ್. ಈಗ ಅದಕ್ಕೊಂದು ಸ್ವಿಚ್ ಇರುವ ಬೋರ್ಡ್ ಹಾಕಿದ್ದೇನೆ, ರಾತ್ರಿಯ ಲೆಕ್ಕ 87ಕ್ಕೆ ಇಳಿದಿದೆ.

ಉಳಿದದ್ದರಲ್ಲಿ ಮಹಡಿಯ ಲೈನ್‌ದು 41. ಅಲ್ಲಿ ಕಣ್ಣಿಗೆ ಕಾಣುವಂತೆ ಆನ್ ಇರುವುದು ಒಂದು ಚಾರ್ಜರ್ ಮಾತ್ರ. ಭಾನುವಾರ ಮೇಲೆ ಹೋಗಿ ಪ್ಲಗ್‌ಗಳನ್ನು ಒಂದೊಂದೇ ಕೀಳಬೇಕು.