ಹಿಡಿ ಅಕ್ಕಿ ಡಬ್ಬಿ ಮತ್ತೆ ನಾನು ತೆಗೆದ ಒಂದು ಫೋಟೋ

ಕಾಫಿ ಕುಯ್ಲು ಶುರುವಾಯ್ತು ಅಂದ್ರೆ ನಮ್ ಕಡೆ ಚರ್ಚಿನ ಸಭಾಪಾಲಕನಾದ ನಂಗೂ ಪುರುಸೊತ್ತಿರಲ್ಲ, ಹಾಗಾಗಿ ಇದನ್ನ ಬರೀಬೇಕು ಬರೀಬೇಕು ಅಂತ ಅಂದ್ಕೊಂಡೇ ತಿಂಗಳುಗಟ್ಲೆ ಕಳೆದೋಯ್ತು. ಊರು ಹೆಸರು ಹೇಳಲ್ಲ, ಚಿಕ್ಕಮಗಳೂರು ಜಿಲ್ಲೆ, ಸುತ್ತ ತೋಟ, ಮಧ್ಯೆ ಒಂದು ಹಳೇ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚು, ಮಳೆಗಾಲದಲ್ಲಿ ಬೆಂಚಿನ ಮೇಲೆ ಬೂಸ್ಟು ಬರುತ್ತೆ, ಅಷ್ಟು ಸಾಕು. ಸಭೆಯವರಲ್ಲಿ, ಅಂದ್ರೆ ಚರ್ಚಿಗೆ ಸೇರಿದವರಲ್ಲಿ, ಅರ್ಧಕ್ಕಿಂತ ಜಾಸ್ತಿ ಲೈನ್ ಮನೆಗಳಲ್ಲಿರೋ ತೋಟದ ಕೆಲಸದವರು, ಉಳಿದವರು ಟೀಚರ್ಸು, ನರ್ಸುಗಳು, ಒಬ್ರು ರೈಟ್ರು (ತೋಟದ ಗುಮಾಸ್ತರು), ಸ್ವಂತ ತೋಟ ಇರೋ ಎರಡು ಮನೆ.

ನಾನು ಬಂದ ಮೊದಲನೇ ವರ್ಷ ಒಂದು ತಪ್ಪು ಮಾಡ್ದೆ. ಅಡ್ವೆಂಟ್ ಅಂದ್ರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ, ಚರ್ಚಿನ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗೋದೇ ಆಗ, ಆದ್ರೆ ಅರೇಬಿಕಾ ಹಣ್ಣಾಗೋದೂ ಸರಿಯಾಗಿ ಆಗ್ಲೇ. ಕಿಲೋ ಲೆಕ್ಕದಲ್ಲಿ ಕೂಲಿ, ಭಾನುವಾರನೂ ಕುಯ್ತಾರೆ. ಬೆಂಚೆಲ್ಲಾ ಖಾಲಿ. ನಾನು ಪುಲ್ಪಿಟ್ ಮೇಲೆ ನಿಂತ್ಕೊಂಡು ಬಂದಿದ್ದ ಹದಿನೆಂಟು ಜನಕ್ಕೆ, ಬರದೇ ಇದ್ದವರ ಬಗ್ಗೆ ಸಿಟ್ಟಾಗಿ ಬೈದೆ (ಎಲ್ಲಾ ಪಾಸ್ಟರ್‌ಗಳೂ ಮಾಡೋ ಕೆಲಸ ಇದು, ಬಂದವರಿಗೇ ಬೈಯ್ಯೋದು). ಆ ವಾರ ಲೈನಿಗೆ ಹೋದಾಗ ಒಬ್ರು ಹಿರಿಯರು ಬೀಡಿ ಆರಿಸಿ ಹೇಳಿದ್ರು, "ಅಯ್ಯನೋರೆ, ಹಣ್ಣು ಭಾನುವಾರ ನೋಡ್ಕೊಂಡು ಉದುರಲ್ಲ." ಉದುರಿದ ಹಣ್ಣಿಗೆ ರೇಟಿಲ್ಲ, ಡಿಸೆಂಬರ್‌ನಲ್ಲೊಂದು ಅಕಾಲ ಮಳೆ ಬಂದ್ರೆ ಕಣದಲ್ಲಿರೋದೂ ಹೋಯ್ತು. ಈಗ ಸೀಸನ್ನಲ್ಲಿ ಆರಾಧನೆ ಬೆಳಿಗ್ಗೆ ಆರೂವರೆಗೆ, ಪ್ರಸಂಗ ಹನ್ನೆರಡೇ ನಿಮಿಷ. ಯಾರೂ ಬೇಜಾರು ಮಾಡ್ಕೊಂಡಿಲ್ಲ, ವರ್ಷಪೂರ್ತಿ ಹೀಗೇ ಇಟ್ಬಿಡಿ ಅಂತ ಮಾತ್ರ ಕೇಳಿದ್ರು.

ಸಿಎಸ್ಐ ಅಂದ್ರೇನೇ ಒಂದು ಕಲಬೆರಕೆ. 1947 ಸೆಪ್ಟೆಂಬರ್ 27ಕ್ಕೆ, ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಒಂದೂವರೆ ತಿಂಗಳಾಗಿತ್ತು ಅಷ್ಟೇ, ಮದ್ರಾಸಲ್ಲಿ ಆಂಗ್ಲಿಕನ್‌ನವರು, ಮೆಥಡಿಸ್ಟ್‌ನವರು, ಆಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಕಾಂಗ್ರಿಗೇಶನಲ್‌ನವರು, ಹೀಗೆ ಬೇರೆ ಬೇರೆ ಪ್ರೊಟೆಸ್ಟಂಟ್ ಪಂಗಡದವರು ಎಲ್ಲಾ ಸೇರಿ ಒಂದೇ ಸಭೆ ಅಂದ್ರು. ಬಾಸೆಲ್ ಮಿಷನ್ನಿನ (ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಮಿಷನರಿ ಸಂಸ್ಥೆ) ನಮ್ಮ ಕರಾವಳಿ ಸಭೆಗಳು ಸೇರ್ಕೊಂಡಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಇವತ್ತಿಗೂ ಪ್ರಾರ್ಥನೆಗೆ ಮಂಡಿಯೂರಬೇಕಾ, ತಲೆ ಬಗ್ಗಿಸಿ ಕೂತ್ರೆ ಸಾಕಾ ಅನ್ನೋದ್ರ ಮೇಲೆ ಗೊತ್ತಾಗಿಬಿಡುತ್ತೆ ಯಾರ ಅಜ್ಜ ಯಾವ ಕಡೆಯೋರು ಅಂತ. ನಾನು ಕರಾವಳಿಯವನು, ನಮ್ಮಜ್ಜಿ ಜರ್ಮನ್ ರಾಗದ ಸಂಗೀತಗಳನ್ನ ಬಸ್ಸು ಘಾಟಿ ಹತ್ತೋ ಸ್ಪೀಡಲ್ಲಿ ಹಾಡ್ತಿದ್ರು, ಇಲ್ಲಿಯವರಿಗೆ ಡೋಲಕ್ ಇಲ್ದಿದ್ರೆ ಅದು ಹಾಡೇ ಅಲ್ಲ.

ಸರಿ, ಫೋಟೋ ವಿಷಯಕ್ಕೆ ಬರ್ತೀನಿ.

2020ರ ಲಾಕ್‌ಡೌನು. ಚರ್ಚಿಗೆ ಬೀಗ, ಕೆಲಸ ನಿಂತಿದೆ, ನಾವು ದೀನ ನಿಧಿಯಿಂದ, ಮತ್ತೆ ಬೆಂಗಳೂರಲ್ಲಿ ಸೆಟ್ಲಾಗಿರೋ ಸಭೆಯ ಮಕ್ಕಳಿಂದ ದುಡ್ಡು ಸೇರಿಸಿ 43 ಮನೆಗೆ ಕಿಟ್ ಮಾಡಿದ್ವಿ. ಹತ್ತು ಕೆಜಿ ಅಕ್ಕಿ, ಒಂದು ಕೆಜಿ ಬೇಳೆ, ಎಣ್ಣೆ, ಟೀ ಪುಡಿ, ಉಪ್ಪು, ಎರಡು ಲೈಫ್‌ಬಾಯ್. ಕೊಟ್ಟವರಿಗೆ ಲೆಕ್ಕ ತೋರಿಸ್ಬೇಕಲ್ಲ, ಅದಕ್ಕೆ ಪ್ರತಿ ಮನೆ ಮುಂದೆ ಫೋಟೋ. ನಾನು ಮಾಸ್ಕ್ ಹಾಕ್ಕೊಂಡು ಚೀಲ ಚಾಚ್ತಿದ್ದೀನಿ, ಅವ್ರು ಕೈ ಒಡ್ಡುತ್ತಿದ್ದಾರೆ. ಒಂದು ಮನೆ ಹತ್ರ, ಗಂಡ ತೀರಿಹೋಗಿರೋ ಒಬ್ಬ ತಾಯಿ, ಫೋನ್ ಎತ್ತಿದ ತಕ್ಷಣ ಸೆರಗಿನ ತುದೀನ ಹಲ್ಲಲ್ಲಿ ಕಚ್ಕೊಂಡು ಮುಖ ಆ ಕಡೆ ತಿರುಗಿಸಿದ್ರು. ಮಾಸ್ಕ್ ಇಲ್ಲ ಅಂತ ಸೆರಗು ಅಡ್ಡ ಹಿಡ್ಕೊಂಡ್ರು ಅಂದ್ಕೊಂಡೆ ನಾನು. ನಿಜವಾಗ್ಲೂ ಹಾಗೇ ಅಂದ್ಕೊಂಡೆ. ಫೋಟೋ ಗ್ರೂಪಿಗೆ ಹಾಕ್ದೆ, ಬೇಜಾನ್ ಆಮೆನ್ ಬಂತು.

ಇದಾಗಿ ಎರಡು ವರ್ಷಕ್ಕೆ ಸ್ತ್ರೀಯರ ಅನ್ಯೋನ್ಯ ಕೂಟದವರು ಹಿಡಿ ಅಕ್ಕಿ ಕಾಣಿಕೆ ಮತ್ತೆ ಶುರು ಮಾಡೋಣ ಅಂದ್ರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದ್ರಲ್ಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಿಡೋದು, ಅಷ್ಟೇ. ಮಿಜೋರಾಂನಲ್ಲಿ ನೂರು ವರ್ಷಕ್ಕೂ ಮೇಲಿಂದ ಸಭೆಗಳು ಈ ಹಿಡಿ ಅಕ್ಕಿಯಿಂದಾನೇ ಎಷ್ಟೋ ಕೆಲಸ ನಡೆಸ್ಕೊಂಡು ಬಂದಿವೆ, ಅಲ್ಲಿ ಬುಹ್‌ಫಾಯ್ ಥಾಮ್ ಅಂತಾರೆ. ಇದ್ರ ಚೆಂದ ಏನಂದ್ರೆ ಉಳಿದದ್ದನ್ನ ಕೊಡೋದಲ್ಲ, ಬೇಯೋಕೆ ಮುಂಚೇನೇ ತೆಗೆದಿಡೋದು. ಲೆಂಟ್ ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ, ಅದು ಶುರುವಾಗೋ ಬೂದಿ ಬುಧವಾರ ಡಬ್ಬಿ ಕೊಡೋದು, ದಿನಾ ಹಾಕೋದು, ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ವಾಪಸ್ ತರೋದು ಅಂತ ಮಾತಾಯ್ತು. ಹಳೇ ಹಾರ್ಲಿಕ್ಸ್, ಬೋರ್ನ್‌ವಿಟಾ ಡಬ್ಬಿ ತೊಳೆದು ಒಣಗಿಸಿ ಹೆಸರು ಬರೆದು ಹಂಚೋಕೆ ಲಿಸ್ಟ್ ಮಾಡಿದ್ರು. ಸೆಕ್ರೆಟರಿ ಲಿಸ್ಟ್ ತಂದು ತೋರಿಸಿದಾಗ ಅದ್ರಲ್ಲಿ ಆ 43 ಮನೆ ಇರಲಿಲ್ಲ. "ಅವ್ರಿಗೇ ನಾವು ಕೊಡೋದು, ಅವ್ರ ಹತ್ರ ತಗೊಳ್ಳೋದು ಸರಿಯಲ್ಲ ಅಯ್ಯನೋರೆ" ಅಂದ್ರು. ನಂಗೂ ಅದೇ ಸರಿ ಅನ್ಸ್ತು, ಎಷ್ಟು ಸೂಕ್ಷ್ಮ ಮನಸ್ಸು ಅಂತ ಮೆಚ್ಕೊಂಡು ಸೈನ್ ಹಾಕ್ದೆ.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಬಾಗಿಲ ಹತ್ರ ಕೈಕುಲುಕ್ತಾ ನಿಂತಿದ್ದೆ. ಆ ತಾಯಿ ಎಲ್ಲರೂ ಹೋಗೋ ತನಕ ಗಂಟೆ ಕಂಬದ ಹತ್ರ ಕಾಯ್ತಿದ್ದು ಆಮೇಲೆ ಬಂದ್ರು.

"ನಮ್ಮನೆಗ್ಯಾಕೆ ಡಬ್ಬಿ ಬರ್ಲಿಲ್ಲ?"

ನಾನೇನೋ ತೊದಲಿದೆ, ನಿಮಗೆ ಕಷ್ಟ, ಹಂಗೆ ಹಿಂಗೆ.

"ಫೋಟೋಗೆ ಮಾತ್ರ ಸಭೆಯೋರಾ ನಾವು?"

ಅಷ್ಟೇ ಅಂದಿದ್ದು. ಜೋರಾಗೂ ಅನ್ನಲಿಲ್ಲ. ಚಪ್ಪಲಿ ಹಾಕ್ಕೊಂಡು ಹೋದ್ರು. ನಾನು ಆ ದಿನ ಊಟಕ್ಕೆ ಕರೆದಿದ್ದ ಮನೆಗೆ ಹೋಗಿ ಬಿರಿಯಾನಿ ತಿಂದೆ, ರುಚಿ ಹೇಗಿತ್ತು ಅಂತ ನೆನಪಿಲ್ಲ.

ಪ್ರಸಂಗ ಮಾಡೋನಿಗೆ ಏನಾದ್ರೂ ಚುಚ್ಚಿದ್ರೆ ಮೊದಲು ಮಾಡೋ ಕೆಲಸ ಬೈಬಲ್ ವಾಕ್ಯ ಹುಡುಕೋದು. ಆದಿ ಕ್ರೈಸ್ತ ಸಭೆಯ ಮೊಟ್ಟಮೊದಲ ಜಗಳಗಳಲ್ಲಿ ಒಂದು ರೇಷನ್ ಹಂಚೋ ಜಗಳ, ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ, ಗ್ರೀಕ್ ಮಾತಾಡೋ ವಿಧವೆಯರಿಗೆ ಸರಿಯಾಗಿ ಸಿಗ್ತಿಲ್ಲ ಅಂತ ಗುಣುಗುಟ್ಟಿದ್ರು, ಅದನ್ನ ನೋಡ್ಕೊಳ್ಳೋಕೆ ಸ್ತೆಫನ ಮೊದಲಾದ ಏಳು ಜನರನ್ನ ಆರಿಸಿದ್ರು. ಇದನ್ನ ಹತ್ತು ಸಲನಾದ್ರೂ ಪ್ರಸಂಗ ಮಾಡಿದ್ದೀನಿ, ನನ್ನ ಕಿಟ್ಟಿಗೆ ಅದೇ ಆಧಾರ. ಆದ್ರೆ ಎರಡನೇ ಕೊರಿಂಥ ಎಂಟನೇ ಅಧ್ಯಾಯ ಇದೆ ನೋಡಿ, ಅದನ್ನ ಯಾಕೋ ಬಿಟ್ಟಿದ್ದೆ. ಮಕೆದೋನ್ಯದ ಸಭೆಯವರು ಕಡುಬಡವರು, ಯೆರೂಸಲೇಮಿನವರಿಗೆ ಸಹಾಯ ಮಾಡೋದ್ರಲ್ಲಿ ನಮಗೂ ಪಾಲು ಕೊಡಿ ಅಂತ ಪೌಲನನ್ನ ಬೇಡ್ಕೊಳ್ತಾರೆ. ಕೊಡೋದಕ್ಕೆ ಬೇಡ್ಕೊಳ್ಳೋದು. ಪೌಲ ಪುಣ್ಯಕ್ಕೆ ಲಿಸ್ಟ್ ಹಿಡ್ಕೊಂಡು ಕೂತಿರಲಿಲ್ಲ.

ನಮ್ಮ ಬಾಸೆಲ್ ಮಿಷನ್ನಿನ ಚರಿತ್ರೆ ಬಗ್ಗೆ ಹೆಮ್ಮೆಯಿಂದ ಹೇಳ್ಕೊಳ್ಳೋರಲ್ಲಿ ನಾನೂ ಒಬ್ಬ. 1834ರಲ್ಲಿ ಮಂಗಳೂರಿಗೆ ಬಂದ್ರು, 1843ರಲ್ಲಿ ಮೋಗ್ಲಿಂಗ್ ಮಂಗಳೂರ ಸಮಾಚಾರ ಶುರು ಮಾಡಿದ್ರು, ಕಿಟ್ಟೆಲ್ ಡಿಕ್ಷನರಿ 1894ಕ್ಕೆ ಬಂತು, ಇದೆಲ್ಲಾ ಕನ್ನಡದ ಎಲ್ರಿಗೂ ಗೊತ್ತು. ಅದಕ್ಕಿಂತ ನಮ್ಮ ಮನೆಗಳನ್ನ ಮುಟ್ಟಿದ್ದು ಹೆಂಚು. ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದವರನ್ನ ಮನೆಯಿಂದ, ಜಾತಿಯಿಂದ, ಕಸುಬಿಂದ ಆಚೆ ಹಾಕ್ತಿದ್ರು, ಅವ್ರಿಗೆ ಕೆಲಸ ಬೇಕಿತ್ತು, ಅದಕ್ಕೆ ಮಗ್ಗ ಹಾಕಿದ್ರು, 1865ರಲ್ಲಿ ನೇತ್ರಾವತಿ ಹತ್ರ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅನ್ನೋರು ಹೆಂಚಿನ ಕಾರ್ಖಾನೆ ತೆರೆದ್ರು. ನಮ್ಮ ಮುತ್ತಜ್ಜ ಹೆಂಚಿನ ಮಣ್ಣು ತುಳಿದೋರೇ. ದೊಡ್ಡ ಸೇವೆ, ಇಲ್ಲ ಅನ್ನಲ್ಲ. ಆದ್ರೆ ಸಂಬಳ ಕೊಡೋರೂ ಅವ್ರೇ, ಪ್ರಸಂಗ ಮಾಡೋರೂ ಅವ್ರೇ ಆದ್ರೆ ಒಂದು ಅಭ್ಯಾಸ ಬೀಳುತ್ತೆ, ಮೇಲಿಂದ ಬರುತ್ತೆ, ನಾವು ಕೈ ಒಡ್ಡಬೇಕು ಅಂತ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನ ಹಿಡಿದು ಕ್ಯಾಂಪಿಗೆ ಹಾಕಿ ವಾಪಸ್ ಕಳಿಸಿದ್ರು, ಕಾರ್ಖಾನೆಗಳೂ ಮಿಷನ್ ಕೈ ತಪ್ಪಿಹೋದ್ವು, ಆಗ ಇಲ್ಲಿನ ಸಭೆಯವರು ತಬ್ಬಿಬ್ಬಾದ ಕಥೆ ನಮ್ಮಜ್ಜಿ ಅವ್ರಮ್ಮನಿಂದ ಕೇಳಿದ್ದನ್ನ ಹೇಳ್ತಿದ್ರು. ನೂರು ವರ್ಷದ ಮೇಲೆ ನಾನು ಅದೇ ಸಾಹೇಬರ ಕುರ್ಚೀಲಿ ಕೂತು 43 ಮನೆಯವರನ್ನ ಕೈ ಒಡ್ಡೋರು ಅಂತ ಬರೆದಿಟ್ಟಿದ್ದೆ.

ಇನ್ನೊಂದು ಚೂರು ಹೇಳಿ ಮುಂದೆ ಹೋಗ್ತೀನಿ. ನಮ್ಮ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ) ಆರಾಧನೆಯಲ್ಲಿ ಸಮಾಧಾನ ಕೊಡೋದು ಅಂತಿದೆ, ಅಂದ್ರೆ ಕೈ ಹಿಡಿದು ಒಬ್ರಿಗೊಬ್ರು ಶಾಂತಿ ಹಾರೈಸೋದು. ಕೇರಳದ ಸಿರಿಯನ್ ಸಭೆಗಳ ಪದ್ಧತಿ ನೋಡಿ ಸಿಎಸ್ಐ 1950ರ ಆರಾಧನಾ ಕ್ರಮದಲ್ಲಿ ಸೇರಿಸ್ಕೊಂಡಿದ್ದು. ಕೊಡೋರ ಅಂಗೈ ತಗೊಳ್ಳೋರ ಎರಡು ಅಂಗೈ ನಡುವೆ, ಅವ್ರ ಕೈ ಮೇಲೆ ಕೊಡೋರ ಇನ್ನೊಂದು ಕೈ, ಬಲಿಪೀಠದಿಂದ ಶುರುವಾಗಿ ಬೆಂಚಿಂದ ಬೆಂಚಿಗೆ ಕೊನೇ ಸಾಲಿನ ತನಕ ಹೋಗುತ್ತೆ. ಆ ನಾಲ್ಕು ಕೈ ಕೂಡಿದಾಗ ಯಾರು ಕೊಟ್ರು ಯಾರು ತಗೊಂಡ್ರು ದೂರದಿಂದ ನೋಡೋರಿಗೆ ಗೊತ್ತೇ ಆಗಲ್ಲ. ಕೊರೋನಾ ಬಂದಾಗ ದೂರದಿಂದ ನಮಸ್ಕಾರ ಅಂತ ಮಾಡಿದ್ವಿ, ಆಮೇಲೆ ಅದೇ ಸಲೀಸು ಅನಿಸಿ ಹಾಗೇ ಬಿಟ್ಟಿದ್ವಿ. ಜಾಗದ ಕೇಸು ನಡೀತಿರೋ ಅಣ್ಣ ತಮ್ಮಂದಿರು ಒಂದೇ ಬೆಂಚಲ್ಲಿ ಕೂರ್ತಾರೆ ನಮ್ಮಲ್ಲಿ, ಅವ್ರಿಗಂತೂ ನಮಸ್ಕಾರ ಬಹಳ ಅನುಕೂಲ. ಆ ವಾರದಿಂದ ಕೈ ಹಿಡಿಯೋದನ್ನ ವಾಪಸ್ ತಂದೆ. ಆ ಅಣ್ಣ ತಮ್ಮ ಈಗ ಬೇರೆ ಬೇರೆ ಬೆಂಚು, ಅದು ಬೇರೆ ಮಾತು.

ಡಬ್ಬಿ ಎಲ್ಲಾ ಮನೆಗೂ ಹೋಯ್ತು. ಆ ತಾಯಿ ಮನೆಗೆ ನಾನೇ ತಗೊಂಡು ಹೋಗಿ ಕೊಟ್ಟೆ, ಕ್ಷಮೆ ಕೇಳಿದೆ, ಅವ್ರು "ಟೀ ಕುಡೀತೀರಾ" ಅಂದ್ರು.

ಗರಿಗಳ ಭಾನುವಾರ ಎಲ್ಲಾ ಡಬ್ಬಿ ಬಂತು, ದೊಡ್ಡ ಪಾತ್ರೆಗೆ ಸುರಿದ್ವಿ, ತೂಕ ಹಾಕಿದ್ರೆ 61 ಕೆಜಿ! ಖುಷಿ ಹತ್ತೇ ನಿಮಿಷ ಇದ್ದಿದ್ದು. ಪಾತ್ರೆ ಒಳಗೆ ನೋಡಿದ್ರೆ ಸೋನಾ ಮಸೂರಿ, ರೇಷನ್ ಅಕ್ಕಿ, ಯಾರೋ ಹಾಕಿದ ದೋಸೆ ಅಕ್ಕಿ, ನಮ್ಮನೆ ಕುಚಲಕ್ಕಿ ಕೆಂಪಗೆ ಅಲ್ಲಲ್ಲಿ. ಮುಂಚೆ ಈ ಅಕ್ಕೀನ ಹರಾಜು ಹಾಕಿ ದುಡ್ಡು ಮಾಡ್ತಿದ್ರು, ಸುಗ್ಗಿ ಹಬ್ಬದಲ್ಲಿ ಬಾಳೆಗೊನೆ ನಾಟಿಕೋಳಿ ಹರಾಜು ಹಾಕ್ತಾರಲ್ಲ ಹಾಗೆ. ಈ ಮಿಕ್ಸ್ ಯಾರು ತಗೋತಾರೆ? ಒಂದು ಬೇಗ ಮುದ್ದೆ ಆಗುತ್ತೆ, ಇನ್ನೊಂದು ಬೇಯೋದೇ ಇಲ್ಲ. ಸಂಜೆ ಪಾಸ್ಟರೇಟ್ ಕಮಿಟಿ ಕೂತು ಒಂಬತ್ತೂವರೆ ತನಕ ಚರ್ಚೆ. ಟ್ರೆಷರರ್ ಬಹಳ ಪ್ರಾಮಾಣಿಕ ಮನುಷ್ಯ, ಅವ್ರು ಹೇಳಿದ್ದು, ಮುಂದಿನ ಸಲ ಎರಡು ಚೀಲ ಇಡೋಣ, ಒಳ್ಳೆ ಅಕ್ಕಿ ಒಂದು, ರೇಷನ್ ಅಕ್ಕಿ ಒಂದು. ತಪ್ಪೇನಿಲ್ಲ ಲೆಕ್ಕದ ಪ್ರಕಾರ. ಯಾರೂ ಮಾತಾಡಲಿಲ್ಲ. ಆಗ ಮೂಲೇಲಿ ಕೂತಿದ್ದ, ಮದುವೆ ಮನೆಗಳಿಗೆ ಅಡುಗೆ ಮಾಡೋ ಒಬ್ರು ಆಂಟಿ, "ಗಂಜಿಗೆ ಯಾವ ಅಕ್ಕಿಯಾದ್ರೇನು, ಎರಡು ಗಂಟೆ ಬೇಯ್ಸಿದ್ರೆ ಎಲ್ಲಾ ಒಂದೇ" ಅಂದ್ರು.

ಹಾಗಾಗಿ ಶುಭ ಶುಕ್ರವಾರ ಗಂಜಿ. ಮಧ್ಯಾಹ್ನ ಹನ್ನೆರಡರಿಂದ ಮೂರು, ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳ ಧ್ಯಾನ, ಒಂದೊಂದು ಮಾತು ಒಬ್ಬೊಬ್ರು. ನಂಗೆ ಐದನೇದು ಬಿತ್ತು, ನನಗೆ ನೀರಡಿಕೆಯಾಗಿದೆ. ಪ್ರತಿ ವರ್ಷ ಇದನ್ನ ಆತ್ಮಗಳಿಗಾಗಿ ದಾಹ ಅಂತೆಲ್ಲಾ ಎಳೀತಿದ್ದೆ. ಈ ಸಲ ಹಾಗೆ ಮಾಡಲಿಲ್ಲ, ಬಾಯಾರಿತು, ಕೇಳಿದ್ರು, ಯಾರೋ ಸ್ಪಂಜಲ್ಲಿ ಹುಳಿಮದ್ಯ ಅದ್ದಿ ಕೋಲಲ್ಲಿ ಎತ್ತಿ ಕೊಟ್ರು, ಅದನ್ನ ತಗೊಂಡ್ರು, ಅಷ್ಟೇ ಹೇಳಿ ಕೂತೆ. ಆರು ನಿಮಿಷ.

ಹೊರಗೆ ಏಪ್ರಿಲ್ ಬಿಸಿಲು, ಬೆಳ್ಳಿ ಓಕ್ ಮರದ ಕೆಳಗೆ ಎರಡು ಹಂಡೆ. ಗಂಜಿ, ಮಾವಿನಕಾಯಿ ಚಟ್ನಿ, ಹುರುಳಿ ಪಲ್ಯ. ಲೈನಿನ ಸಾಬರ ಮನೆಯವರೂ ಬಂದಿದ್ರು, ಪಕ್ಕದ ಅಂಗಡಿಯವರೂ ಬಂದ್ರು, ಎರಡು ತೋಟದ ಮನೆಯವರೂ ಕ್ಯೂನಲ್ಲೇ ನಿಂತ್ರು. ಸೌಟು ಹಿಡಿದಿದ್ದು ಆ ತಾಯಿ. ನನ್ನ ಸರದಿ ಬಂತು, ಬಿಳಿ ನಿಲುವಂಗಿ ತೋಳು ಮಡಚಿ ತಟ್ಟೆ ಒಡ್ಡಿದೆ. ತುಂಬ ಹಾಕಿದ್ರು. ಅವ್ರ ಮಗ ಈಗ ಪಿಯುಸಿ, ಪಕ್ಕದಲ್ಲಿ ಫೋನ್ ಎತ್ತಿ ನಿಂತಿದ್ದ.

"ಏನೋ ಅದು?"

"ಅಮ್ಮ ಹೇಳಿದ್ರು ಅಯ್ಯನೋರೆ, ಲೆಕ್ಕಕ್ಕೆ ಬೇಕಂತೆ."

ಆ ತಾಯಿ ಸೆರಗು ಬಾಯಿಗೆ ಅಡ್ಡ ಇಟ್ಕೊಂಡ್ರು, ಈ ಸಲ ನಗು ತಡೆಯೋಕೆ. ಸಂಜೆ ಹೊತ್ತಿಗೆ ಗ್ರೂಪಲ್ಲಿ ನನ್ನ ಫೋಟೋ, ತಟ್ಟೆ ಮುಂದಕ್ಕೆ, ಬಾಯಿ ಅರ್ಧ ತೆರೆದಿದೆ, ಬೆವರು. ಕೆಳಗೆ ಆಮೆನ್ ಸಾಲುಸಾಲು. ಟ್ರೆಷರರ್ ಮಾತ್ರ ಗಂಜೀಲಿ ಕಲ್ಲು ಸಿಕ್ತು ಅಂತ ಹಾಕಿದ್ರು, ಮುಂದಿನ ವರ್ಷ ಅಕ್ಕಿ ಆರಿಸೋ ಡ್ಯೂಟಿ ಅವ್ರಿಗೇ ಕೊಟ್ಟಿದ್ದೀವಿ.