ಹಿತ್ತಲಿನ ಹುಳುಗಳು: ಬಾಳೆ ಕಾಂಡದಿಂದ ಪ್ಲೇಟಿನವರೆಗೆ

ಮಾರ್ಚ್ ಮೊದಲ ವಾರ

ಮೈಸೂರಿನ ಮನೆಯ ಹಿತ್ತಲಲ್ಲಿ ಗೊನೆ ಕಡಿದ ಮೇಲೆ ಬಿಟ್ಟಿದ್ದ ಬಾಳೆಯ ಕಾಂಡ ಚೆನ್ನಾಗಿ ಕೊಳೆತಿದೆ. ವಿಜ್ಞಾನಿಗಳು ಲ್ಯಾಬಿನಲ್ಲಿ ಸಾಕುವ ಸಿ. ಎಲೆಗನ್ಸ್ ಎಂಬ ಸಣ್ಣ ದುಂಡುಹುಳುವಿನ ಗುಂಪಿನವು ಇದರಲ್ಲಿ ಸಿಗುತ್ತವಾ ನೋಡೋಣ ಎಂದು ಒಂದು ಚಮಚದಷ್ಟು ತೆಗೆದು ಅಗರ್ ಪ್ಲೇಟಿನ ಅಂಚಿಗೆ ಇಟ್ಟೆ. ಅಗರ್ ಅಂದ್ರೆ ದಿನಸಿ ಅಂಗಡಿಯ ಚೈನಾ ಗ್ರಾಸ್. ಅದಕ್ಕೆ ಉಪ್ಪು ಮತ್ತು ಚೂರು ಮೊಟ್ಟೆಯ ಹಳದಿ ಸೇರಿಸಿ ಕುಕ್ಕರಿನಲ್ಲಿ ಬೇಯಿಸಿದ್ದು. ಈ ಹುಳುಗಳಿಗೆ ಕೊಲೆಸ್ಟ್ರಾಲ್ ತಾವೇ ಮಾಡಿಕೊಳ್ಳೋಕೆ ಬರುವುದಿಲ್ಲ, ಅದಕ್ಕೇ ಹಳದಿ. ಲ್ಯಾಬಿನವರು ಕೊಲೆಸ್ಟ್ರಾಲನ್ನೇ ನೇರವಾಗಿ ಹಾಕುತ್ತಾರೆ. ತಿನ್ನೋಕೆ ಅವರು ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಸಿ ಕೊಡುತ್ತಾರೆ. ನನ್ನವು ಕಾಂಡದ ಜೊತೆ ಬಂದದ್ದನ್ನೇ ತಿನ್ನಬೇಕು.

ಮಾರನೇ ದಿನವೇ ಹುಳುಗಳು ತೆವಳಿ ಹೊರಗೆ ಬಂದಿದ್ದವು. ಹಲವು ಜಾತಿ ಇವೆ. ನನಗೆ ಬೇಕಾದ ಗುಂಪಿನವಕ್ಕೆ ಗಂಟಲಿನಲ್ಲಿ ಎರಡು ಉಬ್ಬು, ಹಿಂದಿನ ಉಬ್ಬಿನಲ್ಲಿ ಬ್ಯಾಕ್ಟೀರಿಯಾ ಅರೆಯುವ ಪುಟ್ಟ ಯಂತ್ರ ಇರುತ್ತದೆ. ಮೈ ಗಾಜಿನಂತೆ ಇರುವುದರಿಂದ ಅದು ಅರೆಯುವುದು ಮೈಕ್ರೋಸ್ಕೋಪಿನಲ್ಲಿ ಹಾಗೇ ಕಾಣುತ್ತದೆ. ಅದನ್ನು ಎಷ್ಟು ಹೊತ್ತು ನೋಡಿದರೂ ಬೇಜಾರಾಗಲ್ಲ.

ಮಾರ್ಚ್ ಕೊನೆ

ಈಗ ಒಂಟಿ ಹುಳುವಿನ ಪ್ಲೇಟುಗಳು. ಸಿ. ಎಲೆಗನ್ಸ್ ಮತ್ತು ಅದರ ಕೆಲವು ಹತ್ತಿರದ ನಂಟರಲ್ಲಿ ಬಹುಪಾಲು ಹುಳುಗಳು ಉಭಯಲಿಂಗಿ. ಮೊದಲು ಸುಮಾರು 300 ವೀರ್ಯಾಣು ಮಾಡಿಟ್ಟುಕೊಂಡು, ಆಮೇಲೆ ಮೊಟ್ಟೆ ಮಾಡಲು ಶುರು ಮಾಡುತ್ತವೆ. ಜೋಡಿ ಇಲ್ಲದೆ ಇಟ್ಟರೂ ಸಂತಾನ ಬೆಳೆಯುತ್ತದೆ. ಹೆಣ್ಣು-ಗಂಡು ಬೇರೆ ಇರುವ ಜಾತಿಯಾದರೆ ಒಂಟಿ ಹೆಣ್ಣು ಹಾಗೇ ಉಳಿಯುತ್ತದೆ.

ದೊಡ್ಡ ಹುಳು ಆರಿಸಿದರೆ ಪ್ರಯೋಜನ ಇಲ್ಲ, ಅದು ಮೊದಲೇ ಕೂಡಿರಬಹುದು. ಹೊಟ್ಟೆಯ ನಡುವೆ ಅರ್ಧಚಂದ್ರದಂತೆ ತಿಳಿಯಾದ ಕಲೆ ಇರುವ ಮರಿ ಬೇಕು. ಅದು ಬೆಳೆದು ದೊಡ್ಡದಾಗುವ ಮೊದಲಿನ ಕೊನೆಯ ಹಂತ. ಎತ್ತೋಕೆ ಲ್ಯಾಬಿನಲ್ಲಿ ಪ್ಲಾಟಿನಂ ತಂತಿ ಬಳಸುತ್ತಾರೆ. ನಾನು ಉದುರಿದ ಕಣ್ರೆಪ್ಪೆಯ ಕೂದಲನ್ನು ಟೂತ್‌ಪಿಕ್ಕಿಗೆ ಅಂಟಿಸಿಕೊಂಡೆ. ಇದು ಲ್ಯಾಬುಗಳಲ್ಲೂ ನಡೆಯುವ ಉಪಾಯವೇ.

ಹೆಚ್ಚಿನ ಪ್ಲೇಟುಗಳು ಖಾಲಿ. ಎರಡು ಪ್ಲೇಟುಗಳಲ್ಲಿ ಮೊಟ್ಟೆ ಬಂತು, ಮರಿ ಬಂತು, ಆ ಮರಿಗಳೂ ಮೊಟ್ಟೆ ಇಟ್ಟವು!

ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ 1963ರಲ್ಲಿ ಕೇಂಬ್ರಿಡ್ಜಿನಲ್ಲಿ ಕೂತು ನರಮಂಡಲದ ಕೆಲಸಕ್ಕೆ ಒಂದು ಸಣ್ಣ ಹುಳು ಬೇಕು ಎಂದು ಯಾಕೆ ಹಠ ಹಿಡಿದರು ಅನ್ನೋದು ಈ ಪ್ಲೇಟುಗಳನ್ನು ನೋಡಿದಾಗ ಅರ್ಥವಾಗುತ್ತದೆ. ಒಂದೇ ಒಂದು ಹುಳುವಿನಲ್ಲಿ ಏನೋ ಬದಲಾಗಿದ್ದರೆ ಸಾಕು, ಅದರಿಂದಲೇ ಇಡೀ ಕುಲ ಹುಟ್ಟುತ್ತದೆ. 20 ಡಿಗ್ರಿಯಲ್ಲಿ ಮೊಟ್ಟೆಯಿಂದ ಮೊಟ್ಟೆ ಇಡುವವರೆಗೆ ಬರೀ ಮೂರು-ನಾಲ್ಕು ದಿನ. ಅವರ ಸಹೋದ್ಯೋಗಿ ಜಾನ್ ಸಲ್ಸ್ಟನ್ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂತು ಕೋಶ ವಿಭಜನೆಯನ್ನು ಹಂತಹಂತವಾಗಿ ಹಿಂಬಾಲಿಸಿದ್ದು ಇದೇ ತಿಳಿ ಮೈಯಿಂದ. ಬೆಳೆದ ಎಲೆಗನ್ಸ್‌ನ ದೇಹದಲ್ಲಿ 959 ಕೋಶ, ಅದರಲ್ಲಿ 302 ನರಕೋಶ. ದಾರಿಯಲ್ಲಿ 131 ಕೋಶಗಳು ಸಾಯುತ್ತವೆ, ಪ್ರತಿ ಹುಳುವಿನಲ್ಲೂ ಅವೇ ಕೋಶಗಳು. ಆ ಸಾವು ಹೇಗೆ ನಡೆಯುತ್ತದೆ ಅನ್ನೋದಕ್ಕೂ ಸೇರಿ ಬ್ರೆನ್ನರ್, ಸಲ್ಸ್ಟನ್, ಹೊರ್ವಿಟ್ಜ್ ಅವರಿಗೆ 2002ರ ನೊಬೆಲ್ ಬಂತು. ನಾನು ಮೊಟ್ಟೆಯೊಂದರ ಮೊದಲ ವಿಭಜನೆ ನೋಡಿದೆ: ಎರಡು ಕೋಶ, ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಅಷ್ಟಕ್ಕೇ ಕಣ್ಣು ಸೋತಿತು.

ಏಪ್ರಿಲ್ ನಡುವೆ

ಇದು ಯಾವ ಜಾತಿ? ಕಣ್ಣಿಗೆ ಎಲೆಗನ್ಸ್ ಮತ್ತು ಅದರ ಉಭಯಲಿಂಗಿ ನಂಟ ಬ್ರಿಗ್‌ಸೇ ಹೆಚ್ಚುಕಡಿಮೆ ಒಂದೇ. ಡಿಎನ್‌ಎ ಓದಿಸಬೇಕು, ಇಲ್ಲವೇ ಗೊತ್ತಿರುವ ಹುಳುವಿನ ಜೊತೆ ಕೂಡಿಸಿ ನೋಡಬೇಕು. ಎರಡೂ ಸದ್ಯಕ್ಕೆ ನನ್ನ ಕೈಗೆ ಎಟುಕುವುದಿಲ್ಲ.

ಆದರೆ ಸೆಕೆ ಪುಕ್ಕಟೆ ಸಿಗುತ್ತದೆ, ಅಲ್ವಾ? ಲ್ಯಾಬುಗಳ ಎಲೆಗನ್ಸ್ ಮೂಲತಃ ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಅಣಬೆ ಗೊಬ್ಬರದ್ದು. ಸುಮಾರು 27 ಡಿಗ್ರಿ ದಾಟಿದರೆ ಅದಕ್ಕೆ ಸಂತಾನವೇ ನಿಂತುಹೋಗುತ್ತದೆ. ಲ್ಯಾಬುಗಳಲ್ಲಿ ಹೆಚ್ಚು ಬಳಸುವ ಬ್ರಿಗ್‌ಸೇ ತಳಿಯ ಹೆಸರು ಎಎಫ್16, ಅದು ಸಿಕ್ಕಿದ್ದು ನಮ್ಮ ಅಹಮದಾಬಾದಿನಲ್ಲಿ. ಅದು ಬಿಸಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ನನ್ನ ಕೋಣೆಯ ಥರ್ಮಾಮೀಟರು ಈಗ ಹಗಲೆಲ್ಲ 29 ತೋರಿಸುತ್ತಿದೆ, ರಾತ್ರಿಯೂ 27ರ ಕೆಳಗೆ ಇಳಿಯುತ್ತಿಲ್ಲ. ಈ ಶಾಖದಲ್ಲೇ ಹುಟ್ಟಿ ಬೆಳೆದ ಹುಳುಗಳು ಮೊಟ್ಟೆ ಇಡುತ್ತಿವೆ, ಮೊದಲಿಗಿಂತ ಸ್ವಲ್ಪ ಕಮ್ಮಿ ಅಷ್ಟೆ.

ಹಾಗಾಗಿ ಎಲೆಗನ್ಸ್ ಅಲ್ಲ ಅಂತಲೇ ನನ್ನ ಲೆಕ್ಕ. ಬ್ರಿಗ್‌ಸೇ ಎಂದು ಬರೆದುಬಿಡುವ ಆಸೆ ಜಾಸ್ತಿ ಇದೆ. ಆದರೆ ಬಿಸಿ ತಾಳುವ ಇನ್ನೊಂದು ಉಭಯಲಿಂಗಿ ಜಾತಿ ಟ್ರಾಪಿಕಾಲಿಸ್ ಕೂಡ ಇದೆ. ಪ್ಲೇಟಿನ ಮೇಲೆ ಸದ್ಯಕ್ಕೆ ‘ಬ್ರಿಗ್‌ಸೇ?’ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಬರೆದಿದ್ದೇನೆ. ಒಂದು ಪ್ಲೇಟಿಗೆ ಆಹಾರ ನಿಲ್ಲಿಸಿದ್ದೇನೆ. ಹಸಿವು, ಜನಸಂದಣಿ ಎರಡೂ ಸೇರಿದರೆ ಮರಿಗಳು ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ತಾಳುವ ಡೌರ್ ಹಂತಕ್ಕೆ ಹೋಗಬೇಕು. ಮುಂದಿನ ಬಾರಿ ಅದರ ವರದಿ.