ಕುಕ್ಕರ್ ಕೂಗುವಷ್ಟರಲ್ಲಿ ಒಂದು ಸಾಲು: ಶೆಟ್‌ಲ್ಯಾಂಡಿನ ಹೆಣಿಗೆ ಬದುಕು

ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಬಸ್ಸಿನೊಳಗೋ ಆಸ್ಪತ್ರೆಯ ಬೆಂಚಿನ ಮೇಲೋ ಕಡ್ಡಿ ತೆಗೆದು ಹೆಣೆಯುತ್ತಾ ಕೂತರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪಕ್ಕದವರ ಕಣ್ಣು ಮೊದಲು ಕೈಗೆ ಹೋಗುತ್ತದೆ, ಆಮೇಲೆ ಮುಖಕ್ಕೆ. "ಈ ಬೂದು ಶೇಲಾನಾ, ಎಮ್‌ಸ್ಕೆಟ್ಟಾ?" ಅಂತ ಮಾತು ಶುರುವಾಗುತ್ತದೆ. ಎರಡೂ ಇಲ್ಲಿನ ಕುರಿಗಳ ಮೈಬಣ್ಣದ ಹೆಸರುಗಳು. ಶೇಲಾ ಕಡುಬೂದು, ಎಮ್‌ಸ್ಕೆಟ್ ನೀಲಿ ಛಾಯೆಯ ಬೂದು. ಕೆಂಗಂದು ಕುರಿಗೆ ಮೂರಿಟ್, ಜೇನಿನ ಬಣ್ಣದ್ದಕ್ಕೆ ಮಿಯೊಗೆಟ್. ಹೀಗೆ ಮುಖ್ಯ ಬಣ್ಣಗಳೇ 11 ಇವೆ.

ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಆ ಗಾಳಿ, ಆ ಕತ್ತಲೆಯಲ್ಲಿ ಇಡೀ ದಿನ ಏನು ಮಾಡುತ್ತೀಯ? ಹೆಣೆಯುತ್ತೇನೆ, ಅಡುಗೆ ಮಾಡುತ್ತೇನೆ. ಎರಡೂ ಒಂದರೊಳಗೊಂದು ಸೇರಿಕೊಂಡಿವೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ದ್ವೀಪಗಳು ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಿಂದಲೂ ಉತ್ತರಕ್ಕೆ, 60ನೇ ಅಕ್ಷಾಂಶದ ಮೇಲಿವೆ. ಸಣ್ಣಪುಟ್ಟವೆಲ್ಲ ಸೇರಿ ನೂರರಷ್ಟು ದ್ವೀಪಗಳು, ಜನ ಇರುವುದು ಹದಿನಾರರಲ್ಲಿ. ನಾವಿರುವ ಲೆರ್ವಿಕ್ ಇಲ್ಲಿನ ಏಕೈಕ ಪಟ್ಟಣ. ಅಬರ್ಡೀನ್‌ನಿಂದ ಸಂಜೆ ಹಡಗು ಹತ್ತಿದರೆ ಬೆಳಗ್ಗೆ ಇಲ್ಲಿಗೆ. ಮರಗಳು ಅಪರೂಪ, ಕುರಿಗಳು ಎಲ್ಲೆಲ್ಲೂ. ಡಿಸೆಂಬರಿನಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಜೂನ್‌ನಲ್ಲಿ ಹತ್ತೊಂಬತ್ತು ಗಂಟೆಗೆ ಹತ್ತಿರ. ಆಗ ನಡುರಾತ್ರಿಯಲ್ಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಅದಕ್ಕೆ 'ಸಿಮ್ಮರ್ ಡಿಮ್' ಅನ್ನುತ್ತಾರೆ.

ನನ್ನ ದಿನದ ಲೆಕ್ಕ ನಡೆಯುವುದೇ ಈ ಬೆಳಕಿನ ಮೇಲೆ. ಬಣ್ಣ ಆರಿಸುವ ಕೆಲಸ ಹಗಲಿಗೇ ಮೀಸಲು. ದೀಪದ ಕೆಳಗೆ ಕಡುನೀಲಿ, ಕಡುಹಸಿರು, ಕಪ್ಪು ಎಲ್ಲ ಒಂದೇ. ಹಾಗಾಗಿ ಚಳಿಗಾಲದಲ್ಲಿ ಮನೆಯ ಕಸ, ಪಾತ್ರೆ ಏನಿದ್ದರೂ ಬೆಳಗಾಗುವ ಮೊದಲೇ ಮುಗಿಸುತ್ತೇನೆ. ಒಂಬತ್ತು ದಾಟಿದ ಮೇಲೆ ಕಿಟಕಿಗೆ ಬೆಳಕು ಬರುತ್ತದೆ. ಆಗ ಉಣ್ಣೆ ಉಂಡೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಎರಡೆರಡಾಗಿ ಜೋಡಿಸಿ ನೋಡುತ್ತೇನೆ. ಯಾವುದು ಹಿನ್ನೆಲೆ, ಯಾವುದು ಚಿತ್ರ, ಎರಡರ ನಡುವೆ ಕಣ್ಣು ಹಿಡಿಯುವಷ್ಟು ಅಂತರ ಇದೆಯೇ? ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟ ಉಪಾಯ: ಕಣ್ಣು ಅರ್ಧ ಮುಚ್ಚಿ ನೋಡು, ಎರಡೂ ಒಂದಾಗಿ ಕಂಡರೆ ಆ ಜೋಡಿ ಬೇಡ.

ಫೇರ್ ಐಲ್ ಹೆಣಿಗೆಯ ಹೆಸರು ನೀವು ಕೇಳಿರಬಹುದು. ಫೇರ್ ಐಲ್ ಅನ್ನುವುದು ಇಲ್ಲೇ ದಕ್ಷಿಣಕ್ಕಿರುವ ಪುಟ್ಟ ದ್ವೀಪ. ಈ ಸ್ವೆಟರ್‌ಗಳಲ್ಲಿ ಹತ್ತಾರು ಬಣ್ಣ ಕಂಡರೂ ಒಂದು ಸುತ್ತಿನಲ್ಲಿ ಬರುವುದು ಎರಡೇ ಬಣ್ಣ. ಬೇಡದ ಬಣ್ಣದ ಎಳೆ ಹಿಂದಿನಿಂದ ಹಾದುಹೋಗುತ್ತದೆ. ಹಾಗಾಗಿ ಬಟ್ಟೆ ಎರಡು ಪದರದಷ್ಟು ದಪ್ಪವಾಗಿ ಗಾಳಿ ತಡೆಯುತ್ತದೆ. ಮೈ, ತೋಳು ಎಲ್ಲ ಕೊಳವೆಯ ಆಕಾರದಲ್ಲಿ ಸುತ್ತುಸುತ್ತಾಗಿ ಬೆಳೆಯುತ್ತವೆ. ಮುಂಭಾಗ ತೆರೆದ ಕಾರ್ಡಿಗನ್ ಬೇಕಿದ್ದರೆ? ಕೊಳವೆಯನ್ನೇ ಹೆಣೆದು, ಆಮೇಲೆ ಕತ್ತರಿಯಿಂದ ನೇರವಾಗಿ ಸೀಳುತ್ತಾರೆ! ಶೆಟ್‌ಲ್ಯಾಂಡ್ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಕತ್ತರಿಸಿದ ಅಂಚು ಬಿಚ್ಚಿ ಹೋಗುವುದಿಲ್ಲ. ನುಣುಪಾದ ಅಕ್ರಿಲಿಕ್ ದಾರದಲ್ಲಿ ಈ ಧೈರ್ಯ ಮಾಡಬೇಡಿ.

ಈಗ ಅಡುಗೆಮನೆಗೆ ಬರೋಣ. ಒಲೆಯ ಮುಂದೆ ಎರಡು ಬಣ್ಣದ ಕೆಲಸ ಆಗುವುದಿಲ್ಲ, ಲೇಸ್ ಅಂತೂ ಬೇಡವೇ ಬೇಡ. ಬೇಳೆ ಬೇಯುವಾಗ ನಡೆಯುವುದು ಕಾಲುಚೀಲದ ಸಾದಾ ಭಾಗ, ಟೋಪಿಯ ಪಟ್ಟಿ, ಶಾಲಿನ ನಡುವಿನ ಚೌಕ, ಹೀಗೆ ಕಣ್ಣು ಹಾಕದೆ ಬೆರಳೇ ಮಾಡಿ ಮುಗಿಸುವ ಕೆಲಸಗಳು. ಕುಕ್ಕರ್ ಒಂದು ಸಲ ಕೂಗುವಷ್ಟರಲ್ಲಿ ಒಂದು ಸಾಲು. ಈರುಳ್ಳಿ ಹೆಚ್ಚಿದ ದಿನ, ಅರಿಸಿನ ಮುಟ್ಟಿದ ದಿನ ಬಿಳಿ ಉಣ್ಣೆಯ ಬುಟ್ಟಿಯನ್ನು ಮೇಲಿನ ಕೋಣೆಯಿಂದ ಇಳಿಸುವುದೇ ಇಲ್ಲ. ಅರಿಸಿನ ಸ್ವತಃ ಬಣ್ಣ ಕಟ್ಟುವ ವಸ್ತು, ಉಣ್ಣೆ ಕಂಡರೆ ಅದಕ್ಕೆ ಬಲು ಪ್ರೀತಿ.

ಬಿಸಿನೀರಿನ ಟ್ಯಾಂಕ್ ಇರುವ ಕಪಾಟು ಮನೆಯಲ್ಲೇ ಅತ್ಯಂತ ಬೆಚ್ಚಗಿನ ಜಾಗ. ಕೆಳಗಿನ ಹಲಗೆಯ ಮೇಲೆ ದೋಸೆ ಹಿಟ್ಟು ಉಬ್ಬುತ್ತದೆ, ಮೇಲಿನ ಹಲಗೆಯ ಮೇಲೆ ತೊಳೆದ ಕಾಲುಚೀಲ ಆರುತ್ತದೆ. ಹಿಟ್ಟಿನ ಮುಚ್ಚಳ ಮಾತ್ರ ಬಿಗಿಯಾಗಿರಬೇಕು. ಉಣ್ಣೆ ವಾಸನೆಯನ್ನು ಬೇಗ ಹೀರುತ್ತದೆ.

ಬಿರುಗಾಳಿ ಎದ್ದು ಹಡಗು ನಿಂತರೆ ಅಂಗಡಿಯಲ್ಲಿ ಹಾಲು, ಸೊಪ್ಪು, ಟೊಮೆಟೊ ಖಾಲಿ. ಆಗ ಕೈ ಹಿಡಿಯುವುದು ಈ ನೆಲದಲ್ಲೇ ಬೆಳೆಯುವ ಕೇಲ್ ಸೊಪ್ಪು, ಆಲೂಗಡ್ಡೆ, 'ನೀಪ್' ಎನ್ನುವ ಹಳದಿ ತಿರುಳಿನ ಗಡ್ಡೆ. ಕೇಲ್ ಸೊಪ್ಪು ಗಟ್ಟಿ. ಬೇಳೆಯ ಜೊತೆ ಚೆನ್ನಾಗಿ ಬೇಯಿಸಿ ಬಸಿದರೆ ಒಳ್ಳೆಯ ಬಸ್ಸಾರು, ಬಸಿದ ಸೊಪ್ಪಿಗೆ ಕಾಯಿತುರಿ ಹಾಕಿ ಪಲ್ಯ. ನೀಪ್ ಹುಳಿಗೆ ಹೇಳಿ ಮಾಡಿಸಿದ್ದು, ತುಸು ಸಿಹಿ ಇರುವುದರಿಂದ ಬೆಲ್ಲ ಕಡಿಮೆ ಸಾಕು. ಬೇಸಿಗೆ ಬಂದರೆ ಎಲ್ಲರ ಹಿತ್ತಲಲ್ಲೂ ರೂಬಾರ್ಬ್. ಅದರ ಎಲೆ ವಿಷ, ಕೆಂಪು ದಂಟು ಮಾತ್ರ ತಿನ್ನಬೇಕು. ಇಲ್ಲಿನವರು ಜಾಮ್ ಮಾಡುತ್ತಾರೆ, ನಾನು ಮೆಂತ್ಯ, ಮೆಣಸಿನಕಾಯಿ ಹುರಿದು ಹಾಕಿ ಗೊಜ್ಜು ಮಾಡುತ್ತೇನೆ. ಹುಣಸೆಹಣ್ಣೇ ಬೇಡ, ಅಷ್ಟು ಹುಳಿ. ಅಜ್ಜಿ ಅದನ್ನು ತಾನು ಸುಟ್ಟ ಬ್ಯಾನಕ್ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಚಳಿಗಾಲದಲ್ಲಿ ಅವರ ಮನೆಯಿಂದ ಬರುವುದು 'ರೀಸ್ಟಿಟ್ ಮಟನ್' ಸೂಪು. ಕುರಿ ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸಿ, ಒಲೆಯ ಮೇಲಿನ ತೊಲೆಗೆ ನೇತುಹಾಕಿ ಒಣಗಿಸುವುದು ಇಲ್ಲಿನ ಹಳೆಯ ಪದ್ಧತಿ. ಸಣ್ಣ ತುಂಡು ಇಡೀ ಪಾತ್ರೆಗೆ ರುಚಿ ಕೊಡುತ್ತದೆ.

ಆ ಅಜ್ಜಿ ಹೆಣೆಯುವುದನ್ನು ನೀವು ನೋಡಬೇಕು. ಸೊಂಟಕ್ಕೆ ಅಗಲವಾದ ಚರ್ಮದ ಪಟ್ಟಿ, ಅದರಲ್ಲಿ ಕುದುರೆ ಕೂದಲು ತುಂಬಿದ ಅಂಡಾಕಾರದ ದಿಂಬು, ದಿಂಬಿನ ತುಂಬ ತೂತು. ಇದು 'ಮಕ್ಕಿನ್ ಬೆಲ್ಟ್'. ಬಲಗಡೆಯ ಉದ್ದ ಕಡ್ಡಿಯ ತುದಿಯನ್ನು ಒಂದು ತೂತಿಗೆ ಸಿಕ್ಕಿಸಿದರೆ ಕಡ್ಡಿಯ ಭಾರ ಪಟ್ಟಿಯ ಮೇಲೆ. ಬಲಗೈ ಬೆರಳಿಗೆ ದಾರ ಹಾಕುವುದೊಂದೇ ಕೆಲಸ. ನಾನೂ ಈಗ ಪಟ್ಟಿ ಕಟ್ಟಿಯೇ ಹೆಣೆಯುವುದು. ಮಣಿಕಟ್ಟಿನ ನೋವು ಹೋಯಿತು, ವೇಗವೂ ಬಂತು.

ಈ ಪಟ್ಟಿಯಿಂದ ಇನ್ನೊಂದು ಅನುಕೂಲ, ನಡೆಯುತ್ತಲೇ ಹೆಣೆಯಬಹುದು. ಹಳೆಯ ಫೋಟೊಗಳಲ್ಲಿ ಹೆಂಗಸರು ಬೆನ್ನ ಮೇಲೆ 'ಕಿಶಿ' ಎಂಬ ಬುಟ್ಟಿ ಹೊತ್ತು, ಅದರ ತುಂಬ ಒಲೆಗೆ ಉರಿಸುವ ಪೀಟ್ ಮಣ್ಣಿನ ಹೆಂಟೆ ತುಂಬಿಕೊಂಡು, ಗುಡ್ಡದಿಂದ ಇಳಿಯುತ್ತಾ ಹೆಣೆಯುತ್ತಿದ್ದಾರೆ. ಪ್ರವಾಸಿಗಳು ಅದನ್ನು ಮುದ್ದಾದ ಚಿತ್ರ ಅಂದುಕೊಂಡು ಪೋಸ್ಟ್‌ಕಾರ್ಡ್ ಕೊಳ್ಳುತ್ತಾರೆ. ನನಗೆ ಅದು ಮುದ್ದಾಗಿ ಕಾಣುವುದಿಲ್ಲ. ಗಂಡಸರು ಸಮುದ್ರಕ್ಕೆ ಹೋದಾಗ ಹೊಲ, ದನ, ಉರುವಲು, ಅಡುಗೆ ಎಲ್ಲವೂ ಇವರ ತಲೆಯ ಮೇಲೆ. ಹೆಣಿಗೆಗೆಂದು ಬೇರೆ ಹೊತ್ತು ಎಲ್ಲಿತ್ತು? ನಡಿಗೆಯ ಹೊತ್ತೇ ಹೆಣಿಗೆಯ ಹೊತ್ತು.

ಅಷ್ಟು ದುಡಿದರೂ ಕೈಗೆ ಕಾಸು ಬರುತ್ತಿರಲಿಲ್ಲ. ವ್ಯಾಪಾರಿ ಶಾಲು ತೆಗೆದುಕೊಂಡು ಬದಲಿಗೆ ತನ್ನದೇ ಅಂಗಡಿಯ ಚಹಾಪುಡಿ, ಬಟ್ಟೆ ಕೊಡುತ್ತಿದ್ದ. ಮನೆಯಲ್ಲಿ ಬೇಕಿರುವುದು ಹಿಟ್ಟು, ಸಿಕ್ಕಿರುವುದು ಚಹಾಪುಡಿ. ಹಾಗಾಗಿ ಹೆಂಗಸರು ಚಹಾಪುಡಿ ಹಿಡಿದು ಮನೆಮನೆ ತಿರುಗಿ ಹಿಟ್ಟಿಗೆ ಬದಲಾಯಿಸಿಕೊಳ್ಳಬೇಕಿತ್ತು. ಈ 'ಟ್ರಕ್' ಪದ್ಧತಿಯ ಬಗ್ಗೆ ಸರ್ಕಾರ ವಿಚಾರಣೆ ನಡೆಸಿ 1872ರಲ್ಲಿ ವರದಿ ಹೊರತಂದಿತು. ಹೆಣೆಯುವ ಹೆಂಗಸರು ಆಯೋಗದ ಮುಂದೆ ನಿಂತು ಹೇಳಿದ ಮಾತುಗಳು ಅದರಲ್ಲಿ ದಾಖಲಾಗಿವೆ. ಉಣ್ಣೆ ಹಿಡಿಯುವ ಪ್ರತಿಯೊಬ್ಬರೂ ಅದನ್ನು ಓದಬೇಕು ಅನ್ನುವುದು ನನ್ನ ಅಭಿಪ್ರಾಯ. 1922ರಲ್ಲಿ ವೇಲ್ಸ್ ರಾಜಕುಮಾರ ಎಡ್ವರ್ಡ್ ಸೇಂಟ್ ಆಂಡ್ರೂಸ್‌ನಲ್ಲಿ ಫೇರ್ ಐಲ್ ಸ್ವೆಟರ್ ತೊಟ್ಟು ಗಾಲ್ಫ್ ಆಡಿದ್ದನ್ನು ಎಲ್ಲರೂ ಹೇಳುತ್ತಾರೆ. ಅದರಿಂದ ಬೇಡಿಕೆ ಏರಿದ್ದು ನಿಜ. ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಆ ಚಹಾಪುಡಿಯ ಪೊಟ್ಟಣದ ಹತ್ತಿರ.

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಕುರುಬರ ಮನೆಯ ಹೆಂಗಸರು ಕರಿ ಉಣ್ಣೆ ನೂಲುತ್ತಿದ್ದರು, ಗಂಡಸರು ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಮಗ್ಗದ ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಾಕುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಅಲ್ಲಿ ಮಗ್ಗ, ಇಲ್ಲಿ ಕಡ್ಡಿ. ಅದಕ್ಕೇ ಇರಬೇಕು, ಇಲ್ಲಿ ಬಣ್ಣ ಹಾಕದ ಉಣ್ಣೆ ಕಂಡರೆ ನನ್ನ ಕೈ ತಾನಾಗಿ ಅದರತ್ತ ಹೋಗುತ್ತದೆ. ಲೆರ್ವಿಕ್‌ನಲ್ಲೇ ಇರುವ ಜೇಮಿಸನ್ ಅಂಡ್ ಸ್ಮಿತ್ ಉಣ್ಣೆ ಅಂಗಡಿಯವರು ರೈತರಿಂದ ನೇರವಾಗಿ ಉಣ್ಣೆ ಕೊಳ್ಳುತ್ತಾರೆ. ಸ್ಯಾಂಡ್‌ನೆಸ್ ಹಳ್ಳಿಯ ಗಿರಣಿಯಲ್ಲಿ ನೂಲಾಗುವ ದಾರದ ಬಣ್ಣಗಳು ಇನ್ನೂರಕ್ಕೂ ಹೆಚ್ಚು. ಅಂಗಡಿಯಲ್ಲಿ ಬಣ್ಣದ ಉಂಡೆಗಳ ಗೋಡೆಯ ಮುಂದೆ ಎಷ್ಟು ಹೊತ್ತು ನಿಂತರೂ ಕೊನೆಗೆ ಬುಟ್ಟಿಗೆ ಬೀಳುವುದು ಮೂರಿಟ್, ಶೇಲಾ.

ಹೊಸ ವಿನ್ಯಾಸ ಎಲ್ಲಿಂದ ಹೊಳೆಯುತ್ತದೆ ಎಂದು ತಂಗಿ ಕೇಳಿದ್ದಳು. ಹೊರಗೆ ನಡೆದಾಡುವುದರಿಂದ. ಕಲ್ಲಿನ ಮೇಲೆ ಬೆಳೆಯುವ ಹಾವಸೆಯಲ್ಲಿ ಸಾಸಿವೆ ಹಳದಿಯ ಪಕ್ಕ ಬೂದು ಇರುತ್ತದೆ. ಆಗಸ್ಟ್‌ನಲ್ಲಿ ಹೆದರ್ ಗಿಡ ಹೂಬಿಟ್ಟಾಗ ಗುಡ್ಡದ ಕಂದಿನ ಮೇಲೆ ನೇರಳೆ. ಇವು ನಾನು ಕೂತು ಯೋಚಿಸಿದ್ದರೆ ಹೊಳೆಯದ ಜೋಡಿಗಳು. ಇನ್ನೊಂದು ಜಾಗ ಶೆಟ್‌ಲ್ಯಾಂಡ್ ಮ್ಯೂಸಿಯಂ. 1951ರಲ್ಲಿ ಗನ್ನಿಸ್ಟರ್ ಎಂಬಲ್ಲಿ ಪೀಟ್ ಅಗೆಯುವಾಗ 17ನೇ ಶತಮಾನದ ಕೊನೆಯ ಕಾಲದ ಮನುಷ್ಯನೊಬ್ಬನ ಬಟ್ಟೆಗಳು ಸಿಕ್ಕವು. ಟೋಪಿ, ಕೈಗವಸು, ಕಾಲುಚೀಲ, ಪುಟ್ಟ ಹಣದ ಚೀಲ, ಎಲ್ಲ ಹೆಣೆದವು. ಆ ಚೀಲದ ಮೇಲೆ ಬಣ್ಣದ ಪಟ್ಟಿಗಳಿವೆ. ಮೂಲ ವಸ್ತುಗಳು ಎಡಿನ್‌ಬರಾದಲ್ಲಿವೆ, ಇಲ್ಲಿರುವುದು ಅವನ್ನು ನೋಡಿ ಮಾಡಿದ ಪ್ರತಿಗಳು. ಕಾಲುಚೀಲದ ಹಿಮ್ಮಡಿ ತಿರುಗಿಸಿದ ಬಗೆ ನೋಡುತ್ತಾ ನಿಂತರೆ, ಮುನ್ನೂರು ವರ್ಷದ ಹಿಂದೆ ಕುಣಿಕೆ ಎಣಿಸಿದ ಆ ಕೈಯ ಬಗ್ಗೆ ಗೌರವ ಉಕ್ಕುತ್ತದೆ.

ಸೆಪ್ಟೆಂಬರ್ ಕೊನೆಗೆ ವುಲ್ ವೀಕ್. 2010ರಿಂದ ನಡೆಯುತ್ತಿರುವ ಈ ವಾರದಲ್ಲಿ ಲೋಕದ ಮೂಲೆಮೂಲೆಯಿಂದ ಹೆಣೆಯುವವರು ಬರುತ್ತಾರೆ. ಪ್ರತಿ ವರ್ಷ ಹೊಸ ವಿನ್ಯಾಸ ಬಿಡುಗಡೆಯಾಗುತ್ತದೆ, ಬಹುಪಾಲು ಟೋಪಿಯದು. ಅದೇ ಟೋಪಿಯನ್ನು ತಂತಮ್ಮ ಬಣ್ಣದಲ್ಲಿ ಹೆಣೆದು ತೊಟ್ಟವರು ಬೀದಿಯಲ್ಲಿ ಎದುರಾದರೆ ಪರಿಚಯ ಬೇಕಿಲ್ಲ. ಅದೇ 2010ರಲ್ಲಿ ಇಲ್ಲಿನ ಶಾಲೆಗಳ ಹೆಣಿಗೆ ಪಾಠ ನಿಲ್ಲಿಸಲು ತೀರ್ಮಾನವಾಯಿತು ಎಂಬುದು ನೋವಿನ ವಿಷಯ. ಈಗ 'ಪೀರಿ ಮಕ್ಕರ್ಸ್' (ಪುಟ್ಟ ಹೆಣಿಗೆಗಾರರು) ಹೆಸರಿನಲ್ಲಿ ಹಿರಿಯರು ಸಂಬಳವಿಲ್ಲದೆ ಮಕ್ಕಳಿಗೆ ಕಲಿಸುತ್ತಿದ್ದಾರೆ. ಪುಟ್ಟ ಸೊಂಟಗಳಿಗೆ ಪುಟ್ಟ ಪಟ್ಟಿ!

ಊರಿನವರು ಸ್ವೆಟರ್ ಕೇಳುತ್ತಾರೆ. ಪ್ರೀತಿಯಿಂದ ಕೇಳುತ್ತಾರೆ ಎಂದು ಗೊತ್ತು. ಆದರೆ ದೊಡ್ಡವರ ಅಳತೆಯ ಫೇರ್ ಐಲ್ ಸ್ವೆಟರ್‌ಗೆ ನೂರು ಗಂಟೆಯ ಕೆಲಸ ಹಿಡಿಯಬಹುದು. ಅಷ್ಟು ಕಷ್ಟಪಟ್ಟು ಕಳಿಸಿದರೂ ನಮ್ಮ ಕಡೆಯ ಚಳಿಗೆ ಅದು ಸೆಕೆಯಾಗಿ ಬೀರು ಸೇರುತ್ತದೆ. ನಮ್ಮ ಹವೆಗೆ ಒಪ್ಪುವುದು 'ಹ್ಯಾಪ್', ಇಲ್ಲಿನ ಹೆಂಗಸರ ದಿನಬಳಕೆಯ ಶಾಲು. ನಡುವೆ ಸಾದಾ ಚೌಕ, ಸುತ್ತ ಅಲೆ ಅಲೆಯಾದ ಅಗಲ ಅಂಚು, ಹೊರಗೆ ಹಲ್ಲುಹಲ್ಲಿನ ಲೇಸ್. ಅಲೆಯ ವಿನ್ಯಾಸಕ್ಕೆ 'ಓಲ್ಡ್ ಶೇಲ್' ಎಂದು ಹೆಸರು. 18 ಕುಣಿಕೆಗಳ ಲೆಕ್ಕ, ನಾಲ್ಕು ಸಾಲಿನಲ್ಲಿ ಒಂದರಲ್ಲಿ ಮಾತ್ರ ಲಕ್ಷ್ಯ ಬೇಕು, ಉಳಿದ ಮೂರು ಸಾದಾ. ಮೊದಲು ಹೆಣೆಯುವಾಗ ಮುದ್ದೆ ಮುದ್ದೆಯಾಗಿ ಕಾಣುತ್ತದೆ. ತೊಳೆದು, ಒದ್ದೆಯಿರುವಾಗಲೇ ಮರದ ಚೌಕಟ್ಟಿಗೆ ಹಲ್ಲುಹಲ್ಲಾಗಿ ಎಳೆದು ಕಟ್ಟಿ ಒಣಗಿಸಿದಾಗ ಅಲೆಗಳು ಬಿಡಿಸಿಕೊಳ್ಳುತ್ತವೆ.

ಈಗ ಕಡ್ಡಿಯ ಮೇಲಿರುವುದು ಅಮ್ಮನಿಗೆ ಹ್ಯಾಪ್. ನಡುವಿನ ಚೌಕ ಮೂರಿಟ್, ಅಲೆಗಳಿಗೆ ಬಿಳಿಯಿಂದ ಶೇಲಾವರೆಗೆ ಇಳಿಯುವ ಬೂದುಗಳು. ಚೌಕ ಮುಗಿದಿದೆ, ಒಂದು ಬದಿಯ ಅಲೆ ಅರ್ಧಕ್ಕೆ ಬಂದಿದೆ. ಅಮ್ಮ ಫೋನಿನಲ್ಲಿ, "ಅಷ್ಟು ದೊಡ್ಡದು ಬೇಡ ಕಣೆ, ದೇವರ ಮನೆಯಲ್ಲಿ ಕೂತಾಗ ಹೆಗಲು ಮುಚ್ಚಿದರೆ ಸಾಕು" ಅಂದರು. ಹಾಗಾಗಿ ಅಂಚಿನಲ್ಲಿ ಎರಡು ಅಲೆ ಕಡಿಮೆ ಮಾಡುತ್ತಿದ್ದೇನೆ. ಉಳಿಯುವ ಮೂರಿಟ್‌ನಲ್ಲಿ ಅಣ್ಣನ ಮಗಳಿಗೆ ಟೋಪಿ ಆಗುತ್ತದೆ. ಅತ್ತಿಗೆ, ಅವಳ ತಲೆಯ ಸುತ್ತಳತೆ ಕಳಿಸಿ, ಹಣೆಯ ಮೇಲಿಂದ ಟೇಪ್ ಹಿಡಿದು ಅಳೆಯಿರಿ.